ಬಾಡಿಗೆ ಗಾಡಿಯ ಲೆಕ್ಕದಲ್ಲಿ ಚಾಲಕನ ನಿದ್ದೆಯೂ ಸೇರಲಿ

ಮಳೆ ನಿಂತು ಚಳಿ ಬೀಳುತ್ತಲೇ ಹುಬ್ಬಳ್ಳಿ-ಧಾರವಾಡದಲ್ಲಿ ಗಾಡಿ ಮಾಡಿಕೊಂಡು ಹೋಗುವ ಮಾತು ಶುರುವಾಗುತ್ತದೆ. ಬಾದಾಮಿ, ದಾಂಡೇಲಿ, ಜೋಗ, ಗೋಕರ್ಣದ ಹಳೆಯ ಪಟ್ಟಿಗೆ ಈಚಿನ ವರ್ಷಗಳಲ್ಲಿ ನೇತ್ರಾಣಿಯೂ ಸೇರಿಕೊಂಡಿದೆ. ಮುರುಡೇಶ್ವರದ ದಂಡೆಯಿಂದ ಸುಮಾರು 19 ಕಿ.ಮೀ. ಕಡಲೊಳಗಿರುವ ಈ ಪುಟ್ಟ ದ್ವೀಪದ ಸುತ್ತ ಹವಳವಿದೆ, ಬಣ್ಣಬಣ್ಣದ ಮೀನುಗಳಿವೆ, ತಿಳಿನೀರಿನಲ್ಲಿ ಸ್ಕೂಬಾ ಮಾಡಿಸುವವರಿದ್ದಾರೆ. ಹುಡುಗರಿಗೆ ಅದರ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ದೋಣಿ ಹೊರಡುವುದು ಬೆಳಿಗ್ಗೆ. ಹುಬ್ಬಳ್ಳಿಯಿಂದ ಮುರುಡೇಶ್ವರಕ್ಕೆ 200 ಕಿ.ಮೀ. ಆಸುಪಾಸು, ನಡುವೆ ಘಟ್ಟ. ಒಂದೇ ದಿನದಲ್ಲಿ ಹೋಗಿ ಬರಬೇಕೆಂದರೆ ನಡುರಾತ್ರಿ ಎರಡೂವರೆಗೆ ಮನೆ ಮುಂದೆ ಗಾಡಿ ಬಂದು ನಿಲ್ಲಬೇಕು. ನಮ್ಮಲ್ಲಿ ಇದನ್ನು ಯಾರೂ ಅತಿರೇಕ ಎನ್ನುವುದಿಲ್ಲ, ಜಾಣತನ ಎನ್ನುತ್ತಾರೆ: ಲಾಡ್ಜಿನ ಖರ್ಚು ಉಳಿಯಿತು, ರಜೆಯೂ ಉಳಿಯಿತು. ಈ ಉಳಿತಾಯವೆಲ್ಲ ಸ್ಟೇರಿಂಗ್ ಹಿಡಿದವನ ನಿದ್ದೆಯಿಂದ ಕಿತ್ತದ್ದು ಎಂಬ ಮಾತು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಆ ದಿನವನ್ನು ಚಾಲಕನ ಗಡಿಯಾರದಲ್ಲಿ ನೋಡಬೇಕು. ಎರಡೂವರೆಗೆ ಬಾಗಿಲಿಗೆ ಬರಬೇಕಾದವನು ಒಂದೂವರೆಗೆ ಏಳುತ್ತಾನೆ. ಸೀಸನ್ನಿನಲ್ಲಿ ಹಿಂದಿನ ದಿನವೂ ಬಾಡಿಗೆ ಇದ್ದೇ ಇರುತ್ತದೆ. ಅದನ್ನು ಮುಗಿಸಿ, ಗಾಡಿ ತೊಳೆದು, ಡೀಸೆಲ್ ಹಾಕಿಸಿ ಮನೆ ಸೇರುವ ಹೊತ್ತಿಗೆ ಹತ್ತು ದಾಟಿರುತ್ತದೆ. ಕಲಘಟಗಿ ಕಳೆಯುವಷ್ಟರಲ್ಲಿ ಹಿಂದಿನ ಸೀಟಿನವರಿಗೆ ನಿದ್ದೆ ಹತ್ತಿರುತ್ತದೆ. ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ಏಳೂವರೆಗೆ ಮುರುಡೇಶ್ವರ. ಮಂದಿ ದೋಣಿ ಹತ್ತುತ್ತಾರೆ, ಆತ ಬಿಸಿಲು ಏರುತ್ತಿರುವ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಮಾಡಿ, ಗಾಜು ಇಳಿಸಿ, ಕಣ್ಣಿನ ಮೇಲೆ ಟವೆಲ್ ಹಾಕಿಕೊಳ್ಳುತ್ತಾನೆ. ಎ.ಸಿ. ಹಾಕಿದರೆ ಡೀಸೆಲ್ ಖರ್ಚು. ಹಾಕದಿದ್ದರೆ ಕರಾವಳಿಯ ಸೆಕೆ. ಮಧ್ಯೆ ಮಾಲೀಕನ ಫೋನು, ಪಾರ್ಕಿಂಗಿನವನ ಶಿಳ್ಳೆ. ಮಧ್ಯಾಹ್ನ ದೋಣಿ ಮರಳಿದ ಮೇಲೆ ದೇವಸ್ಥಾನ, ಊಟ. ಆಮೇಲೆ ‘ಇಷ್ಟು ದೂರ ಬಂದೇವಿ, ಇಡಗುಂಜಿ ನೋಡೇ ಹೋಗೂಣು’ ಎಂದು ಒಬ್ಬರು, ಗೋಕರ್ಣದಲ್ಲಿ ಸೂರ್ಯಾಸ್ತ ಎಂದು ಇನ್ನೊಬ್ಬರು. ಗೋಕರ್ಣ ಬಿಟ್ಟಾಗ ಏಳೂವರೆ. ಊಟಕ್ಕೆ ನಿಂತು, ಕತ್ತಲಲ್ಲಿ ಲಾರಿಗಳ ಹಿಂದೆ ಘಟ್ಟ ಹತ್ತಿ, ಹನ್ನೆರಡರ ಒಳಗೆ ಹುಬ್ಬಳ್ಳಿ. ಒಬ್ಬರನ್ನು ಗೋಕುಲ ರಸ್ತೆಯಲ್ಲಿ, ಇನ್ನೊಬ್ಬರನ್ನು ವಿದ್ಯಾನಗರದಲ್ಲಿ ಇಳಿಸಿ ಆತ ತನ್ನ ಮನೆ ಮುಟ್ಟುವಾಗ ಎದ್ದು 23 ತಾಸಾಗಿರುತ್ತದೆ.

ಇದಕ್ಕೆ ಗಿರಾಕಿಯ ದುರಾಸೆಯನ್ನೋ ಮಾಲೀಕನ ಕಲ್ಲೆದೆಯನ್ನೋ ದೂರಿ ಸುಮ್ಮನಾಗಬಹುದು. ನನಗೆ ಕಾಣುವ ಮುಖ್ಯ ಕಾರಣ ಬೇರೆ, ಅದು ನಾವು ಬಾಡಿಗೆ ಮಾತಾಡುವ ರೀತಿ. ಕಿ.ಮೀ.ಗೆ ಎಷ್ಟು, ದಿನಕ್ಕೆ ಮಿನಿಮಮ್ 250 ಕಿ.ಮೀ.ಯೋ 300 ಕಿ.ಮೀ.ಯೋ, ಬಾಟಾ ಎಷ್ಟು, ಟೋಲು-ಪಾರ್ಕಿಂಗ್ ಯಾರ ಪಾಲಿಗೆ, ಇಷ್ಟಾದರೆ ಮಾತು ಮುಗಿಯಿತು. ತಾಸಿನ ಮಾತೇ ಬರುವುದಿಲ್ಲ. ಸಾಲದ್ದಕ್ಕೆ ಈ ಲೆಕ್ಕದಲ್ಲಿ ದಿನ ಎಂದರೆ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಹಿಂದಿನ ಸಂಜೆ ಐದಕ್ಕೆ ಹೊರಟು ಮುರುಡೇಶ್ವರದಲ್ಲಿ ಮಲಗಿದರೆ ಎರಡು ದಿನದ ಮಿನಿಮಮ್, ಎರಡು ಬಾಟಾ. ಹನ್ನೆರಡು ಹೊಡೆದ ಮೇಲೆ ಹೊರಟರೆ ಒಂದೇ ದಿನ. ನಡುರಾತ್ರಿ ಎರಡೂವರೆಯ ಪ್ರಯಾಣ ಹುಟ್ಟಿದ್ದು ಈ ಲೆಕ್ಕದಿಂದಲೇ. ಇದೇ ಲೆಕ್ಕ ಮರಳುವಾಗ ಇನ್ನೊಂದು ಕೆಡುಕು ಮಾಡುತ್ತದೆ. ಹನ್ನೆರಡು ದಾಟಿದರೆ ಮತ್ತೊಂದು ದಿನದ ಬಾಡಿಗೆ ಬೀಳುತ್ತದೆಂಬ ಅಂಜಿಕೆಯಲ್ಲಿ, ಚಾಲಕ ಎಲ್ಲಕ್ಕಿಂತ ಹೆಚ್ಚು ದಣಿದಿರುವ ಹೊತ್ತಿನಲ್ಲೇ ‘ಸ್ವಲ್ಪ ಜೋರ ಬಿಡ್ರಿ’ ಎಂಬ ಮಾತು ಹಿಂದಿನಿಂದ ಬರುತ್ತದೆ. ಯಾರೂ ಕೆಟ್ಟವರಲ್ಲದೆಯೂ ಕೆಟ್ಟದ್ದು ನಡೆಯುವ ಏರ್ಪಾಡು ಇದು.

ನಿದ್ದೆಗೇಡು ಬರೀ ಕಷ್ಟದ ಸಂಗತಿಯಾಗಿದ್ದರೆ ಕರುಣೆಯ ಮಾತಾಡಿ ಬಿಡಬಹುದಿತ್ತು. ಅದು ಅಮಲಿನಷ್ಟೇ ಅಪಾಯಕಾರಿ ಎಂಬುದನ್ನು ವಿಜ್ಞಾನ ಅಳೆದು ತೋರಿಸಿದೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ ಪ್ರಕಟಿಸಿದ ಪ್ರಯೋಗದ ಪ್ರಕಾರ, ಸತತ 17 ತಾಸು ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ ರಕ್ತದಲ್ಲಿ ಶೇ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ಸರಿಸುಮಾರು ಒಂದು ಹಗಲು-ರಾತ್ರಿ ಎಚ್ಚರವಿದ್ದವರದು ಶೇ 0.10ರ ಮಟ್ಟಕ್ಕೆ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇಟ್ಟಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ 0.03. ಒಂದೂವರೆಗೆ ಎದ್ದವನಿಗೆ 17 ತಾಸು ತುಂಬುವುದು ಸಂಜೆ ಆರೂವರೆಗೆ, ಹಿಂದಿನ ಸೀಟಿನವರು ಗೋಕರ್ಣದಲ್ಲಿ ಮುಳುಗುವ ಸೂರ್ಯನ ಫೋಟೊ ತೆಗೆಯುತ್ತಿರುವ ಹೊತ್ತಿಗೆ. ಘಟ್ಟ ಇನ್ನೂ ಮುಂದಿರುತ್ತದೆ. ಎರಡು ಪೆಗ್ ಹಾಕಿದ ಚಾಲಕನ ಗಾಡಿಗೆ ಮಕ್ಕಳನ್ನು ಹತ್ತಿಸಲು ಯಾವ ತಾಯಿ-ತಂದೆಯೂ ಒಪ್ಪುವುದಿಲ್ಲ. ಇಲ್ಲಿ ಮಾತ್ರ ಅಮಲಿನ ವಾಸನೆ ಬರುವುದಿಲ್ಲ, ಪೊಲೀಸರ ಊದುವ ಯಂತ್ರ ಅದನ್ನು ಹಿಡಿಯುವುದೂ ಇಲ್ಲ.

‘ನಾವು ದೋಣಿಯಲ್ಲಿದ್ದಾಗ ಆತ ಮಲಗಿರುತ್ತಾನಲ್ಲ’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅದರಲ್ಲಿ ಒಂದಿಷ್ಟು ನಿಜವಿದೆ, ಅರ್ಧ ತಾಸಿನ ಜೊಂಪು ಕೂಡ ಪ್ರಯೋಜನಕ್ಕೆ ಬರುತ್ತದೆ. ಆದರೆ ರಾತ್ರಿಯ ಆರೇಳು ತಾಸಿನ ಜಾಗವನ್ನು ಬಿಸಿಲಿಗೆ ಕಾದ ಸೀಟಿನ ಮೇಲಿನ ಜೊಂಪು ತುಂಬಲಾರದು. ದೇಹಕ್ಕೆ ತನ್ನದೇ ಗಡಿಯಾರವಿದೆ. ನಡುರಾತ್ರಿಯಿಂದ ನಸುಕಿನವರೆಗಿನ ತಾಸುಗಳಲ್ಲಿ ಎಚ್ಚರ ತೀರ ಕೆಳಗಿಳಿಯುತ್ತದೆ, ಮಧ್ಯಾಹ್ನದ ಊಟದ ಮೇಲೆ ಇನ್ನೊಮ್ಮೆ. ನಮ್ಮ ಒಂದು ದಿನದ ಪ್ರವಾಸದ ಮೊದಲ ಘಟ್ಟ ಇಳಿಯುವುದೇ ಆ ಕೆಟ್ಟ ತಾಸುಗಳಲ್ಲಿ.

ಮಲಗಲು ಜಾಗವೇ ಇಲ್ಲದಿರುವುದು ಇನ್ನೊಂದು ಸಂಕಟ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಸಿಕ್ಕವರಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬದ ಜತೆಗೆ, ಅಲ್ಲಿ ಗಾಡಿ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದ ಚಾಲಕರೂ ಇದ್ದರು. ಆ ದುರಂತದಲ್ಲಿ ಗುಡ್ಡ ಕಡಿದ ರೀತಿಯ ಬಗ್ಗೆ ಎಷ್ಟೋ ಚರ್ಚೆಯಾಯಿತು, ಆಗಲೇಬೇಕಿತ್ತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಚಾಲಕನೊಬ್ಬ ನೆಮ್ಮದಿಯಿಂದ ಕಣ್ಣು ಮುಚ್ಚಲು ಗುಡ್ಡದ ಬುಡದ ಚಹಾದಂಗಡಿಯನ್ನೇ ನೆಚ್ಚಬೇಕೇ ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಗಲಿಲ್ಲ. ಮುರುಡೇಶ್ವರ, ಗೋಕರ್ಣ, ಬಾದಾಮಿಗಳಲ್ಲಿ ಪ್ರವಾಸಿಗೆ ನೂರಾರು ಕೋಣೆಗಳಿವೆ. ಆತನನ್ನು ಕರೆತಂದವನಿಗೆ ಬಹುತೇಕ ಗಾಡಿಯೇ ಕೋಣೆ. ತಮಿಳುನಾಡು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2023ರಲ್ಲಿ ಆ ಸರ್ಕಾರ ತನ್ನ ಕಟ್ಟಡ ನಿಯಮಗಳಿಗೇ ತಿದ್ದುಪಡಿ ತಂದು, ಹೋಟೆಲು-ವಸತಿಗೃಹಗಳು ಅತಿಥಿಗಳ ಚಾಲಕರಿಗೆ ತಂಗುಕೋಣೆ ಮತ್ತು ಶೌಚಾಲಯ ಒದಗಿಸಬೇಕೆಂದು ಕಡ್ಡಾಯ ಮಾಡಿತು. ಹೊಸ ಹೋಟೆಲಿಗೆ ನಕ್ಷೆ ಮಂಜೂರು ಮಾಡುವಾಗ ಪಾರ್ಕಿಂಗ್ ಎಷ್ಟು ಎಂದು ಕೇಳುವ ನಮ್ಮ ಅಧಿಕಾರಿಗಳು ಚಾಲಕರಿಗೆ ಹಾಸಿಗೆ ಎಷ್ಟು ಎಂದೂ ಕೇಳಲು ಅಡ್ಡಿಯೇನಿದೆ? ಪ್ರವಾಸೋದ್ಯಮಕ್ಕೆ ಉತ್ತೇಜನ ಕೊಡುತ್ತೇವೆನ್ನುವ ಸರ್ಕಾರ ಇಷ್ಟನ್ನು ನಾಳೆಯೇ ಮಾಡಬಹುದು.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸವೆಂದು ಗೆರೆ ಹಾಕಿತು. ಐದು ತಾಸಿನೊಳಗೆ ಅರ್ಧ ತಾಸಿನ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಕನಿಷ್ಠ 9 ತಾಸಿನ ವಿಶ್ರಾಂತಿ ಎಂದಿತು. ಸಾರಿಗೆ ವಾಹನ ನಡೆಸುವವರ ಕೆಲಸದ ಅವಧಿಗೆ ಈ ಕಾಯ್ದೆಯೇ ಅಳತೆ ಎಂದು 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಹೇಳಿತು. 2020ರ ಹೊಸ ಕಾರ್ಮಿಕ ಸಂಹಿತೆಯೊಂದು ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೆ 1961ರ ಕಾಯ್ದೆಯೇ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆಂದು ಹುಟ್ಟಿದ್ದು. ನಮ್ಮಲ್ಲಿ ಪ್ರವಾಸಕ್ಕೆ ಬರುವ ಎಷ್ಟೋ ಎರ್ಟಿಗಾ, ಇನ್ನೋವಾ, ಟಿಟಿಗಳು ಸಾಲ ಮಾಡಿ ಕೊಂಡ ಒಬ್ಬೊಬ್ಬರ ಒಂದೊಂದು ಗಾಡಿ. ಅಲ್ಲಿ ಮಾಲೀಕನೇ ಚಾಲಕ, ಹಾಜರಿ ಪುಸ್ತಕವಿಲ್ಲ, ತಾಸು ಎಣಿಸುವವರಿಲ್ಲ. ಆರ್‌ಟಿಒ ಪರ್ಮಿಟ್ ನೋಡಬಲ್ಲರು, ಎಫ್‌ಸಿ ನೋಡಬಲ್ಲರು. ಆತ ಎಷ್ಟು ಹೊತ್ತು ಮಲಗಿದ್ದನೆಂದು ನೋಡಲಾರರು. ಅದನ್ನು ತಿಳಿಯಬಲ್ಲವರು, ಅದನ್ನು ಬದಲಿಸಬಲ್ಲವರು ಗಾಡಿ ಹೇಳಿದವರು ಮಾತ್ರ. ಹಾಗಾಗಿಯೇ ಈ ಹೊಣೆ ಮೊದಲು ಗಿರಾಕಿಯದು ಎನ್ನುತ್ತೇನೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ದುಡ್ಡಿನದು. ವರ್ಷಕ್ಕೊಮ್ಮೆ ಆರೇಳು ಮಂದಿ ಕೂಡಿ ದುಡ್ಡು ಹಾಕಿ ಸಮುದ್ರ ನೋಡಲು ಹೊರಡುವ ಗುಮಾಸ್ತರ, ಶಿಕ್ಷಕಿಯರ, ಅಂಗಡಿಯವರ ಮನೆಗೆ ಲಾಡ್ಜು ಮತ್ತು ಎರಡನೇ ದಿನದ ಮಿನಿಮಮ್ ನಿಜಕ್ಕೂ ಭಾರವೇ. ಅವರಿಗೆ ಉಪದೇಶ ಮಾಡುವುದು ಸುಲಭ. ಆದರೆ ಆ ಭಾರ ಇಷ್ಟು ದೊಡ್ಡದಾಗಲು ಕಾರಣ ಮಧ್ಯರಾತ್ರಿಗೆ ತುಂಡರಿಸುವ ಆ ದಿನದ ಲೆಕ್ಕ. ಗಾಡಿ ಹೊರಟ ಹೊತ್ತಿನಿಂದ 24 ತಾಸಿಗೆ ಒಂದು ದಿನ ಎಂದು ಹಿಡಿದು, ಅದರೊಳಗೆ ಚಾಲಕನ ಎಂಟು ತಾಸಿನ ವಿಶ್ರಾಂತಿ ಕಡ್ಡಾಯವೆಂದು ಟ್ರಾವೆಲ್ಸ್‌ನವರು ಪ್ಯಾಕೇಜು ಮಾಡಲಿ. ಶನಿವಾರ ಸಂಜೆ ನಾಲ್ಕಕ್ಕೆ ಹೊರಟು ಮುರುಡೇಶ್ವರದಲ್ಲಿ ಮಲಗಿ, ಮರುದಿನ ದ್ವೀಪ ನೋಡಿ ಮಧ್ಯಾಹ್ನ ಅಲ್ಲಿಂದ ಹೊರಟರೆ ಆ 24 ತಾಸು ದಾಟುವುದು ಎರಡೋ ಮೂರೋ ತಾಸು, ಅಷ್ಟಕ್ಕೆ ತಾಸಿನ ಲೆಕ್ಕದಲ್ಲಿ ಕೊಟ್ಟರಾಯಿತು. ಓಡುವ ಕಿ.ಮೀ. ಅಷ್ಟೇ, ಸುಡುವ ಡೀಸೆಲ್ಲೂ ಅಷ್ಟೇ. ಮಾಲೀಕನಿಗೆ ನಷ್ಟವಾಗುವುದು ಬಹಳವೆಂದರೆ ಒಂದು ಸಂಜೆಯ ಬಾಡಿಗೆ, ಅದನ್ನು ಆರೇಳು ಮಂದಿ ಹಂಚಿಕೊಂಡರೆ ತಲಾ ಕೆಲವು ನೂರು ರೂಪಾಯಿ. ಅದೂ ಆಗದೆಂದರೆ ಹತ್ತಿರದ ಊರು ನೋಡಿದರಾಯಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿದರೂ ಹೋಗಿಬರುವ ದಾರಿ 300 ಕಿ.ಮೀ. ಮೀರುವುದಿಲ್ಲ, ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಎಂಟರೊಳಗೆ ಮನೆ. ಒಂದು ದಿನದ ಪ್ರವಾಸವೇ ತಪ್ಪೆಂದು ನಾನು ಹೇಳುತ್ತಿಲ್ಲ. ಎರಡು ದಿನದ ಊರನ್ನು ಒಂದು ದಿನಕ್ಕೆ ತುರುಕುವುದು ತಪ್ಪು.

ಚಾಲಕರೇ ಒಪ್ಪುತ್ತಾರಲ್ಲ, ‘ರೂಢಿ ಐತ್ರಿ ಸರ್, ಏನ್ ಆಗೂದಿಲ್ಲ’ ಎನ್ನುತ್ತಾರಲ್ಲ ಎಂಬುದು ಇನ್ನೊಂದು ವಾದ. ಕಂತು ಕಟ್ಟಬೇಕಾದವನು ಬೇರೇನು ಹೇಳಿಯಾನು? ಆತ ಬೇಡವೆಂದರೆ ಆ ಬಾಡಿಗೆ ಪಕ್ಕದ ಗಾಡಿಗೆ ಹೋಗುತ್ತದೆ. ಒಬ್ಬನೇ ಇಲ್ಲವೆನ್ನಲಾಗದ ಕಡೆ ಎಲ್ಲರೂ ಕೂಡಿ ಇಲ್ಲವೆನ್ನುವಂತೆ ಮಾಡಬೇಕು. ಅದು ಚಾಲಕರ ಸಂಘಗಳ ಕೆಲಸ. ಹುಬ್ಬಳ್ಳಿ-ಧಾರವಾಡದ ಟ್ಯಾಕ್ಸಿ ಸಂಘಗಳು ದರದ ಬಗ್ಗೆ ಒಟ್ಟಾಗಿ ಕೂರುವಂತೆ, ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಪ್ರವಾಸದ ಬಾಡಿಗೆಗೆ ಒಬ್ಬನೇ ಚಾಲಕ ಗಾಡಿ ಹೊರಡಿಸುವುದಿಲ್ಲವೆಂದು ಒಟ್ಟಾಗಿ ತೀರ್ಮಾನಿಸಿದರೆ ಯಾರ ಬಾಡಿಗೆಯೂ ತಪ್ಪುವುದಿಲ್ಲ, ಹೊರಡುವ ಹೊತ್ತು ಬದಲಾಗುತ್ತದೆ ಅಷ್ಟೇ. ಆಸ್ಪತ್ರೆಗೆ, ರೈಲು-ವಿಮಾನಕ್ಕೆ, ಸಾವಿನ ಮನೆಗೆ ಹೋಗುವ ಗಾಡಿಗಳ ಮಾತು ಬೇರೆ. ಸೂರ್ಯಾಸ್ತಕ್ಕೆ ಅಂಥ ತುರ್ತಿಲ್ಲ.

ಈ ಊರಿನ ಜನ ಒಗ್ಗಟ್ಟಾಗಿ ಕೇಳಿದರೆ ಕೆಲಸವಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿ-ಧಾರವಾಡ ಬೈಪಾಸೇ ಸಾಕ್ಷಿ. 2021ರ ಜನವರಿ 15ರ ಬೆಳಿಗ್ಗೆ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಈ ಬೈಪಾಸಿನ ಇಟಿಗಟ್ಟಿ ಬಳಿ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಅದಕ್ಕೆ ನಿದ್ದೆಯನ್ನು ಕಾರಣ ಮಾಡುವುದು ನನ್ನ ಉದ್ದೇಶವಲ್ಲ. ಎರಡೇ ಪಥದ ಆ ರಸ್ತೆಯ ದೋಷ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸತ್ತವರ ಮನೆಯವರೂ ನಾಗರಿಕರೂ ಬೀದಿಗಿಳಿದು ಕೇಳಿದ ಮೇಲೆ ಸುಮಾರು 30 ಕಿ.ಮೀ. ಬೈಪಾಸನ್ನು ಆರು ಪಥ ಮಾಡುವ ಕೆಲಸ ಶುರುವಾಯಿತು. ಆದರೆ ರಸ್ತೆ ಅಗಲವಾದಷ್ಟೂ ವೇಗ ಏರುತ್ತದೆ, ನೇರವಾದಷ್ಟೂ ಕಣ್ಣು ಎಳೆಯುತ್ತದೆ. ರಸ್ತೆಗಾಗಿ ತೋರಿದ ಹಟವನ್ನು ಚಾಲಕನ ವಿಶ್ರಾಂತಿಗಾಗಿ ನಾವಿನ್ನೂ ತೋರಿಲ್ಲ.

ಈ ಸಲ ಗಾಡಿ ಹೇಳುವಾಗ ಕಿ.ಮೀ. ದರಕ್ಕೂ ಮೊದಲು ಎರಡು ಮಾತು ಕೇಳಿ: ಚಾಲಕ ಹಿಂದಿನ ರಾತ್ರಿ ಮನೆಯಲ್ಲಿ ಮಲಗಿರುತ್ತಾನೆಯೇ, ಹೊರಟು ಎಷ್ಟು ತಾಸಿಗೆ ಮರಳುತ್ತೇವೆ. ಹದಿನಾಲ್ಕು ತಾಸು ಮೀರುವಂತಿದ್ದರೆ ಪಟ್ಟಿಯಿಂದ ಒಂದು ಊರು ತೆಗೆಯಿರಿ, ಇಲ್ಲವೇ ಇಬ್ಬರು ಚಾಲಕರನ್ನು ಕೇಳಿ. ನೇತ್ರಾಣಿಯೇ ಬೇಕೆಂದರೆ ಹಿಂದಿನ ಸಂಜೆಯೇ ಹೊರಡಿ, ಮುರುಡೇಶ್ವರದಲ್ಲಿ ಕೋಣೆ ಹಿಡಿಯುವಾಗ ಚಾಲಕನಿಗೂ ಒಂದು ಹಾಸಿಗೆ ಹಿಡಿಯಿರಿ.