ಅಲ್ಲಿದ್ದವರ ಸಾಕ್ಷಿ, ಟೇಪಿನ ತೀರ್ಪು

ರಾಕ್ ಸಂಗೀತದ ಅಭಿಮಾನಿಗಳಲ್ಲಿ ಒಮ್ಮತ ಅಪರೂಪ. ಯಾವ ಗಿಟಾರ್ ವಾದಕ ದೊಡ್ಡವನು, ಯಾವ ಬ್ಯಾಂಡ್ ಯಾವ ಆಲ್ಬಂನಿಂದಾಚೆಗೆ ಕೆಟ್ಟಿತು ಎಂದು ಶುರುವಾದ ಮಾತು ಜಗಳದಲ್ಲೇ ಮುಗಿಯುವುದು ಹೆಚ್ಚು. ಆದರೆ ಒಂದು ಮಾತಿಗೆ ಮಾತ್ರ ಎಲ್ಲರೂ ತಲೆದೂಗುತ್ತಾರೆ: ರಾಕ್ ಕೇಳುವುದಾದರೆ ಲೈವ್ ಆಗಿಯೇ ಕೇಳಬೇಕು. ಆಲ್ಬಂನಲ್ಲಿ ಹಾಡಿನ ಪರಿಚಯವಾಗುತ್ತದೆ, ಅಷ್ಟೆ. ಹಾಡಿಗೆ ಜೀವ ಬರುವುದು ವೇದಿಕೆಯ ಮೇಲೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕೇಳಿದವರನ್ನೋ 2011ರಲ್ಲಿ ಅಲ್ಲೇ ಮೆಟಾಲಿಕಾ ಕೇಳಿದವರನ್ನೋ ಮಾತಿಗೆಳೆದು ನೋಡಿ. ಸ್ವಲ್ಪ ಹೊತ್ತಿಗೆ ಅವರು ‘ಅದನ್ನೆಲ್ಲ ಹೇಳೋಕಾಗಲ್ಲ, ನೀವು ಅಲ್ಲಿರಬೇಕಿತ್ತು’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಅಲ್ಲಿಗೆ ಚರ್ಚೆ ಮುಗಿಯಿತು. ಅಲ್ಲಿರದವನು ಇನ್ನೇನು ಹೇಳಿಯಾನು?

ಈ ನಂಬಿಕೆ ಪರಾಕಾಷ್ಠೆ ಮುಟ್ಟುವುದು ಜ್ಯಾಮ್ ಬ್ಯಾಂಡ್‌ಗಳ ಅಭಿಮಾನಿಗಳಲ್ಲಿ. ಈ ಬ್ಯಾಂಡ್‌ಗಳಿಗೆ ಹಾಡು ಎಂಬುದು ಹೊರಡುವ ಜಾಗ ಮಾತ್ರ. ಐದು ನಿಮಿಷದ ಹಾಡು ವೇದಿಕೆಯ ಮೇಲೆ ಇಪ್ಪತ್ತೈದು ನಿಮಿಷ ಬೆಳೆಯುತ್ತದೆ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನುಡಿಸುವವರಿಗೂ ಮೊದಲೇ ಗೊತ್ತಿರುವುದಿಲ್ಲ. ಈ ಪರಂಪರೆಯ ಮೂಲಪುರುಷರೆಂದರೆ ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್. 1965ರಲ್ಲಿ ಶುರುವಾಗಿ 1995ರಲ್ಲಿ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ಸುಮಾರು 2,300 ಕಾನ್ಸರ್ಟ್‌ಗಳನ್ನು ಕೊಟ್ಟ ಬ್ಯಾಂಡ್ ಅದು. ಅವರ ಹಿಂದೆ ಊರಿಂದೂರಿಗೆ ಅಲೆದ ಅಭಿಮಾನಿಗಳ ಪ್ರಕಾರ ಅವರ ಸ್ಟುಡಿಯೋ ಆಲ್ಬಂಗಳು ಸಪ್ಪೆ. ನಿಜವಾದ ಸಂಗೀತ ಇದ್ದದ್ದು ಆಯಾ ರಾತ್ರಿಯಲ್ಲಿ, ಆಯಾ ಸಭಾಂಗಣದಲ್ಲಿ. ಅಂಥವರ ಮುಂದೆ ಧ್ವನಿಯ ಗುಣಮಟ್ಟದ ಮಾತೆತ್ತಿದರೆ ಮಡಿವಂತನನ್ನು ನೋಡಿದ ಹಾಗೆ ನೋಡುತ್ತಾರೆ. ಆ ಕ್ಷಣದ ಮುಂದೆ ಸೌಂಡ್ ಯಾವ ಲೆಕ್ಕ?

ಈ ನಂಬಿಕೆಯ ಬಗ್ಗೆ ನನಗೆ ಗೌರವವಿದೆ, ಆದರೆ ಅದನ್ನು ಒಪ್ಪಲಾರೆ. ‘ಮಹಾನ್ ಕಾನ್ಸರ್ಟ್’ ಎಂದು ರಾಕ್ ಲೋಕ ಹಾಡಿ ಹೊಗಳುವ ರಾತ್ರಿಗಳಲ್ಲಿ ಹೆಚ್ಚಿನವು ಮಹಾನ್ ಆದದ್ದು ಒಳ್ಳೆಯ ಧ್ವನಿಮುದ್ರಣದಿಂದ. ಆ ಪಟ್ಟ ಕಟ್ಟಿದವರು ಅಲ್ಲಿ ಕೂತು ಕೇಳಿದವರಿಗಿಂತ ಹೆಚ್ಚಾಗಿ ಆಮೇಲೆ ಟೇಪ್ ಕೇಳಿದವರು. ಅದರಲ್ಲೂ ಜ್ಯಾಮ್ ಬ್ಯಾಂಡ್‌ಗಳ ರಸಿಕ ವರ್ಗವಂತೂ ಟೇಪ್ ರೆಕಾರ್ಡರ್ ಇಲ್ಲದೆ ಹುಟ್ಟುತ್ತಲೇ ಇರಲಿಲ್ಲ.

ಅಭಿಮಾನಿಗಳು ತಾವೇ ಮುಂದಿಡುವ ಸಾಕ್ಷಿಯನ್ನು ಎತ್ತಿಕೊಳ್ಳೋಣ. 1977ರ ಮೇ 8ರಂದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಗ್ರೇಟ್‌ಫುಲ್ ಡೆಡ್ ನುಡಿಸಿತು. ಸಂಗೀತಕ್ಕೆಂದು ಕಟ್ಟಿದ ಜಾಗವಲ್ಲ ಅದು, ಕವಾಯತು ನಡೆಸಲು ಕಟ್ಟಿದ ದೊಡ್ಡ ಹಜಾರ. ಆದರೂ ಡೆಡ್‌ನ ಶ್ರೇಷ್ಠ ರಾತ್ರಿ ಯಾವುದೆಂದು ಕೇಳಿದಾಗೆಲ್ಲ ಮೊದಲು ಕೇಳಿಬರುವ ಹೆಸರುಗಳಲ್ಲಿ ಇದೊಂದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ 2011ರ ಸಾಲಿನಲ್ಲಿ ಇದನ್ನು ಸೇರಿಸಿಕೊಂಡಿತು.

ಆ ರಾತ್ರಿ ಟೇಪ್ ಮಾಡುತ್ತಿದ್ದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಸಭಾಂಗಣಕ್ಕೆ ಹೋಗುವ ಧ್ವನಿಯನ್ನೇ ನಕಲು ಮಾಡಿಕೊಳ್ಳದೆ, ಟೇಪಿಗೆಂದೇ ಬೇರೆ ಮಿಕ್ಸ್ ಮಾಡುತ್ತಿದ್ದ ಇಂಜಿನಿಯರ್ ಈಕೆ. ಫಿಲ್ ಲೆಶ್‌ನ ಬೇಸ್ ಗಿಟಾರ್ ಎಲ್ಲಿ ಬಾಗುತ್ತದೆ, ಇಬ್ಬರು ಡ್ರಮ್ಮರ್‌ಗಳಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದು ಆಕೆಯ ಟೇಪುಗಳಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಮುಂದೆ ಗೋದಾಮಿನ ಬಾಡಿಗೆ ಕಟ್ಟಲಾಗದೆ ಆಕೆಯ ಟೇಪುಗಳ ರಾಶಿ 1986ರಲ್ಲಿ ಹರಾಜಿಗೆ ಬಂತು. ಕೊಂಡವರ ಕೈಯಿಂದ ಪ್ರತಿಗಳು ಹೊರಟು ಅಭಿಮಾನಿಗಳ ನಡುವೆ ಹಬ್ಬಿದವು. ಕಾರ್ನೆಲ್ ರಾತ್ರಿಯ ಕೀರ್ತಿ ಹೀಗೆ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಬೆಳೆದದ್ದು. ಬ್ಯಾಂಡ್‌ನ ಕಡೆಯಿಂದ ಅದು ಅಧಿಕೃತವಾಗಿ ಹೊರಬಂದದ್ದು ನಲವತ್ತು ವರ್ಷ ಕಳೆದ ಮೇಲೆ, 2017ರಲ್ಲಿ. ಆಗ ಜೊತೆಗೇ ನ್ಯೂ ಹೇವನ್, ಬಾಸ್ಟನ್, ಬಫಲೋ ಊರುಗಳ ಅದೇ ವಾರದ ಮೂರು ಕಾನ್ಸರ್ಟ್‌ಗಳೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಅವನ್ನು ಕೇಳಿದ ಹಲವರು, ಮರುದಿನದ ಬಫಲೋ ಕಾನ್ಸರ್ಟ್ ಕಾರ್ನೆಲ್‌ಗೆ ಏನೂ ಕಡಿಮೆಯಿಲ್ಲ ಎನ್ನುತ್ತಾರೆ. ಸರಿಯಾದ ಟೇಪ್ ಸಿಕ್ಕಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಟೇಪ್ ಇಲ್ಲದೆ ಹೋದ, ಇದ್ದರೂ ಗೊರಗೊರ ಎನ್ನುವ ರಾತ್ರಿಗಳು ಈ ಸ್ಪರ್ಧೆಯಲ್ಲೇ ಇಲ್ಲ. ಅಲ್ಲಿ ಗಾರ್ಸಿಯಾ ಇನ್ನೂ ಚೆನ್ನಾಗಿ ನುಡಿಸಿರಲಿಲ್ಲ ಎಂದು ಯಾರು ಪ್ರಮಾಣ ಮಾಡಬಲ್ಲರು?

ಇದು ಒಂದು ಬ್ಯಾಂಡ್‌ನ ಕತೆ ಎನ್ನಬೇಡಿ. ರಾಕ್‌ನ ಅತ್ಯುತ್ತಮ ಲೈವ್ ಆಲ್ಬಂ ಎಂದು ಬಹಳ ಜನ ಕೊಂಡಾಡುವ ‘ಲೈವ್ ಅಟ್ ಲೀಡ್ಸ್’ ಅನ್ನು ದ ಹೂ ಬ್ಯಾಂಡ್ 1970ರ ಫೆಬ್ರವರಿ 14ರಂದು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮುದ್ರಿಸಿತು. ಮರುದಿನ ಹಲ್ ಎಂಬ ಊರಿನಲ್ಲೂ ಅವರು ನುಡಿಸಿದರು, ಅದನ್ನೂ ಮುದ್ರಿಸಿದರು. ಹಲ್‌ನ ರಾತ್ರಿಯೇ ಮೇಲಾಗಿತ್ತೆಂಬ ಮಾತೂ ಇದೆ. ಆದರೆ ಆ ಟೇಪಿನಲ್ಲಿ ಮೊದಲ ಕೆಲವು ಹಾಡುಗಳಿಗೆ ಜಾನ್ ಎಂಟ್‌ವಿಸಲ್‌ನ ಬೇಸ್ ದಾಖಲಾಗಿರಲಿಲ್ಲ. ಹಾಗಾಗಿ ಲೀಡ್ಸ್ ದಂತಕತೆಯಾಯಿತು. ಹಲ್‌ನ ಟೇಪ್ ಹೊರಬರಲು 2010ರವರೆಗೆ ಕಾಯಬೇಕಾಯಿತು. ಅದೂ ಬೇಸ್ ಇಲ್ಲದ ಕಡೆ ಲೀಡ್ಸ್‌ನ ಬೇಸ್ ತಂದು ತುಂಬಿದ ಮೇಲೆ. ಒಂದು ತಂತಿಯ ದೋಷವೋ ಒಂದು ಗುಂಡಿಯ ದೋಷವೋ, ಅಂತೂ ರಾಕ್ ಇತಿಹಾಸದಲ್ಲಿ ಯಾವ ಊರಿನ ಹೆಸರು ಉಳಿಯಬೇಕು ಎಂದು ತೀರ್ಮಾನಿಸಿದ್ದು ಆ ದೋಷವೇ. ಎರಡೂ ಊರಿನಲ್ಲಿ ಸಾವಿರಾರು ಜನ ‘ಅಲ್ಲಿದ್ದರು’. ಅವರ ಸಾಕ್ಷಿಯನ್ನು ಯಾರೂ ಕೇಳಲಿಲ್ಲ.

ಜ್ಯಾಮ್ ವಿಷಯದಲ್ಲಿ ನನ್ನ ವಾದ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಆ ಕ್ಷಣಕ್ಕೆ ಹುಟ್ಟಿದ ಸಂಗೀತವನ್ನು ಸವಿಯಬೇಕಾದರೆ, ಹುಟ್ಟಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂದು ಕೇಳುಗನಿಗೆ ಗೊತ್ತಿರಬೇಕು. ತೋಡಿ ರಾಗದ ಪರಿಚಯವೇ ಇಲ್ಲದವನಿಗೆ ಕಛೇರಿಯಲ್ಲಿ ಮನೋಧರ್ಮವೂ ಒಂದೇ, ಬಾಯಿಪಾಠವೂ ಒಂದೇ. ನಮ್ಮ ಕಛೇರಿ ರಸಿಕರಿಗೆ ಆ ಪರಿಚಯ ಪರಂಪರೆಯಿಂದ ಬರುತ್ತದೆ: ಅದೇ ರಾಗವನ್ನು ಹತ್ತು ಜನರ ಬಾಯಲ್ಲಿ ಕೇಳಿರುತ್ತಾರೆ. ಗ್ರೇಟ್‌ಫುಲ್ ಡೆಡ್‌ನ ಕೇಳುಗರಿಗೆ ಅಂಥ ಪರಂಪರೆ ಎಲ್ಲಿಂದ ಬರಬೇಕು? ‘ಡಾರ್ಕ್ ಸ್ಟಾರ್’ ಅವರದೇ ಹಾಡು, ಅದನ್ನು ಹಾಗೆ ಬೆಳೆಸುತ್ತಿದ್ದವರೂ ಅವರೇ. 1969ರ ‘ಲೈವ್/ಡೆಡ್’ ಆಲ್ಬಂನಲ್ಲಿ ಅದು 23 ನಿಮಿಷ ದಾಟುತ್ತದೆ. ಮುಂದಿನ ರಾತ್ರಿಗಳಲ್ಲಿ ಅದು ಎಲ್ಲಿ ಬೇರೆ ದಾರಿ ಹಿಡಿಯಿತು ಎಂದು ತಿಳಿಯಬೇಕಾದರೆ ಹಲವು ರಾತ್ರಿಗಳ ‘ಡಾರ್ಕ್ ಸ್ಟಾರ್’ ಪಕ್ಕಪಕ್ಕದಲ್ಲಿ ಸಿಗಬೇಕು. ಸಿಕ್ಕಿದ್ದು ಕ್ಯಾಸೆಟ್‌ಗಳಿಂದ.

ಇದನ್ನು ಬ್ಯಾಂಡ್ ಅರಿತಿತ್ತು. ಕೇಳುಗರು ಮೈಕು, ರೆಕಾರ್ಡರ್ ತಂದು ಟೇಪ್ ಮಾಡಿಕೊಳ್ಳುವುದನ್ನು ಅವರು ತಡೆಯುವ ಗೋಜಿಗೆ ಹೋಗಲಿಲ್ಲ. 1984ರಿಂದ ಸಭಾಂಗಣದ ಧ್ವನಿ ಹೊಂದಿಸುವ ಸೌಂಡ್‌ಬೋರ್ಡ್‌ನ ಹಿಂದೆ ಅಂಥವರಿಗೆಂದೇ ಜಾಗ ಬಿಟ್ಟು, ಬೇರೆ ಟಿಕೆಟ್ಟನ್ನೇ ಮಾಡಿದರು. ಆ ಟೇಪುಗಳನ್ನು ಮಾರಬಾರದು, ಹಂಚಿಕೊಳ್ಳಬೇಕು ಎಂಬುದು ಅಲಿಖಿತ ಧರ್ಮವಾಯಿತು. ಈ ದಾರಿಯಲ್ಲೇ ಬಂದ ಫಿಶ್ ಬ್ಯಾಂಡ್ 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ಒಂದು ಹಾಡೂ ಮರುಕಳಿಸದ ಹಾಗೆ ನುಡಿಸಿ ಬೆರಗು ಹುಟ್ಟಿಸಿತು. ಮರುಕಳಿಸಲಿಲ್ಲ ಎಂಬುದಕ್ಕೆ ಬೆರಗಾಗುವ ಸಭಿಕರು ಎಂಥವರು ಯೋಚಿಸಿ. ನಿನ್ನೆಯದನ್ನೂ ಮೊನ್ನೆಯದನ್ನೂ ಲೆಕ್ಕವಿಟ್ಟು ಕೇಳಿದವರು. ಆ ಕ್ಷಣವೇ ಸರ್ವಸ್ವ ಎನ್ನುವವರ ಕಪಾಟಿನಲ್ಲಿ ಸಾವಿರ ಕ್ಷಣಗಳ ದಾಖಲೆ ದಿನಾಂಕ ಸಮೇತ ಜೋಡಿಸಿಟ್ಟಿರುತ್ತದೆ. ನಾನು ಇದನ್ನು ಗೇಲಿಯಾಗಿ ಹೇಳುತ್ತಿಲ್ಲ, ಮೆಚ್ಚುಗೆಯಿಂದಲೇ ಹೇಳುತ್ತಿದ್ದೇನೆ. ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿದ್ದರಲ್ಲಿ ಅವರ ವಿವೇಕ ಹೆಚ್ಚು ಕಾಣುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಾಳೆಯದವರಿಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಧ್ವನಿ ಶುದ್ಧಿಯ ಉಪಾಸಕರು ಸೌಂಡ್‌ಬೋರ್ಡ್‌ನಿಂದ ನೇರ ತೆಗೆದ ಟೇಪ್ ಮಾತ್ರ ಟೇಪ್, ಜನರ ನಡುವೆ ಮೈಕು ಹಿಡಿದು ಮಾಡಿದ್ದು ಕಸ ಎನ್ನುತ್ತಾರೆ. ಆದರೆ ಸೌಂಡ್‌ಬೋರ್ಡ್‌ನ ಕೆಲಸ ಸಭಾಂಗಣದಲ್ಲಿ ಯಾವುದು ಕಡಿಮೆ ಕೇಳುತ್ತದೋ ಅದನ್ನು ಎತ್ತಿಕೊಡುವುದು. ಚಿಕ್ಕ ಹಾಲ್‌ನಲ್ಲಿ ಗಿಟಾರ್‌ನ ಆಂಪ್ಲಿಫೈಯರ್ ವೇದಿಕೆಯಿಂದಲೇ ಸಾಕಷ್ಟು ಗರ್ಜಿಸುತ್ತಿದ್ದರೆ ಇಂಜಿನಿಯರ್ ಗಿಟಾರನ್ನು ಬೋರ್ಡ್‌ನಲ್ಲಿ ತಗ್ಗಿಸಿ, ಹಾಡುವ ದನಿಯನ್ನು ಏರಿಸುತ್ತಾನೆ. ಜನರಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ಬೋರ್ಡ್‌ನ ಟೇಪಿನಲ್ಲಿ ಮಾತ್ರ ಹಾಡು ಮೂಗಿನ ಮುಂದೆ, ಗಿಟಾರ್ ಪಕ್ಕದ ಬೀದಿಯಲ್ಲಿ. ಜನರ ನಡುವಿನ ಮೈಕು ಆಗ ಹೆಚ್ಚು ಪ್ರಾಮಾಣಿಕ. ಎರಡನ್ನೂ ಬೆರೆಸಿ ಮಾಡುವ ಟೇಪುಗಳು ಬಂದದ್ದು ಇದೇ ಕಾರಣಕ್ಕೆ. ಅಧಿಕೃತ ಲೈವ್ ಆಲ್ಬಂ ಎಂದರೆ ಪೂರ್ತಿ ಲೈವ್ ಎಂದೂ ಅಲ್ಲ. ಡೆಡ್‌ನ ‘ಯುರೋಪ್ 72’ ಆಲ್ಬಂನಲ್ಲಿ ಹಾಡಿದ ಭಾಗಗಳಲ್ಲಿ ಬಹಳಷ್ಟನ್ನು ಊರಿಗೆ ಮರಳಿದ ಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಿದರು. ನುಣುಪಾದದ್ದೆಲ್ಲ ನಿಜವಲ್ಲ, ನಿಜವಾದದ್ದೆಲ್ಲ ನುಣುಪಾಗಿರಬೇಕಿಲ್ಲ. ಒಳ್ಳೆಯ ಧ್ವನಿ ಎಂದರೆ, ಅಲ್ಲಿ ಯಾರು ಏನು ನುಡಿಸಿದರು, ಒಬ್ಬರಿಗೊಬ್ಬರು ಹೇಗೆ ಉತ್ತರ ಕೊಟ್ಟರು ಎಂಬುದು ಕಿವಿಗೆ ಸಿಗುವಂಥ ಧ್ವನಿ.

ಈಗ ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳು. ಎದೆಗೆ ಗುದ್ದುವ ಬೇಸ್, ಹತ್ತು ಸಾವಿರ ಜನ ಒಟ್ಟಿಗೆ ಕುಣಿಯುವ ಉನ್ಮಾದ, ಇವೆಲ್ಲ ಟೇಪಿನಲ್ಲಿ ಬರುತ್ತವೆಯೇ? ಬರುವುದಿಲ್ಲ. ಅದನ್ನು ಮರುಮಾತಿಲ್ಲದೆ ಒಪ್ಪುತ್ತೇನೆ. ಆದರೆ ಆ ಉನ್ಮಾದಕ್ಕೆ ಸಂಗೀತ ಕೇಳಿಸಲೇಬೇಕೆಂಬ ನಿಯಮವೂ ಇಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದಾಗ ಸುಮಾರು 55,600 ಜನ ಸೇರಿದ್ದರು. 100 ವ್ಯಾಟಿನ ಆಂಪ್ಲಿಫೈಯರ್‌ಗಳು, ಬೇಸ್‌ಬಾಲ್ ಪ್ರಕಟಣೆಗೆಂದು ಇದ್ದ ಕ್ರೀಡಾಂಗಣದ ಸ್ಪೀಕರ್‌ಗಳು; ಮಿಕ್ಕಿದ್ದೆಲ್ಲ ಕಿರುಚಾಟ. ಹಾಡುವವರಿಗೇ ತಾವು ಹಾಡಿದ್ದು ಕೇಳುತ್ತಿರಲಿಲ್ಲ. ಅಲ್ಲಿದ್ದವರಿಗೆ ಅದು ಜೀವಮಾನದ ಸಂಜೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಸಂಜೆ ಬೀಟಲ್ಸ್ ಹೇಗೆ ನುಡಿಸಿದರು ಎಂದು ಅವರನ್ನು ಕೇಳಿ ಪ್ರಯೋಜನವಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾನ್ಸರ್ಟ್ ಮುಗಿಸಿ ಬೀಟಲ್ಸ್ ಪ್ರವಾಸವನ್ನೇ ಕೈಬಿಟ್ಟು ಸ್ಟುಡಿಯೋ ಸೇರಿಕೊಂಡರು. ಸಂಭ್ರಮದ ಸಾಕ್ಷಿ ಬೇರೆ, ಸಂಗೀತದ ಸಾಕ್ಷಿ ಬೇರೆ. ಮೊದಲನೆಯದಕ್ಕೆ ಅಲ್ಲಿದ್ದವರೇ ಪ್ರಮಾಣ; ಎರಡನೆಯದಕ್ಕೆ ಅಲ್ಲಿದ್ದರಷ್ಟೇ ಸಾಲದು.

ಇನ್ನೊಂದು ಆಕ್ಷೇಪ: ಕೆಟ್ಟ ಟೇಪುಗಳನ್ನೂ ಜನ ಪ್ರೀತಿಯಿಂದ ಕೇಳುತ್ತಾರಲ್ಲ? ಕೇಳುತ್ತಾರೆ, ನಿಜ. ಆದರೆ ಸಾಮಾನ್ಯವಾಗಿ ಯಾರು? ಒಳ್ಳೆಯ ಟೇಪುಗಳಿಂದ ಆ ಬ್ಯಾಂಡನ್ನು ಆಗಲೇ ಅರಗಿಸಿಕೊಂಡವರು. ಗೊರಗೊರದ ಆಚೆ ಏನಿರಬಹುದೆಂದು ಊಹಿಸುವ ಶಕ್ತಿ ಅವರ ಕಿವಿಗೆ ಬಂದಿರುತ್ತದೆ. ಹೊಸಬನಿಗೆ ಅದೇ ಟೇಪ್ ಹಾಕಿ ಕೊಟ್ಟರೆ, ಜ್ಯಾಮ್ ಎಂದರೆ ಗೊತ್ತುಗುರಿಯಿಲ್ಲದೆ ತಂತಿ ಕೆರೆಯುವುದು ಎಂದು ಎದ್ದು ಹೋಗುತ್ತಾನೆ. ಜ್ಯಾಮ್ ಬ್ಯಾಂಡ್‌ಗಳ ಮೇಲಿರುವ ‘ಬರೀ ಎಳೆತ’ ಎಂಬ ಹಳೆಯ ದೂರಿನಲ್ಲಿ ಒಂದು ಪಾಲು ಕೆಟ್ಟ ಧ್ವನಿಯದೇ ಎಂದು ನನಗನ್ನಿಸುತ್ತದೆ. ಐದಾರು ಜನರ ಸಂವಾದದಲ್ಲಿ ಒಬ್ಬನ ಮಾತು ಮಾತ್ರ ಕೇಳಿದರೆ ಅದು ಗೊಣಗಾಟವಾಗಿಯೇ ತೋರುತ್ತದೆ.

ನನ್ನ ವಾದಕ್ಕೆ ದೊಡ್ಡ ಬೆಂಬಲ ಸಿಗುವುದು ಸ್ವತಃ ಗ್ರೇಟ್‌ಫುಲ್ ಡೆಡ್‌ನಿಂದ. ಸೌಂಡ್ ಲೆಕ್ಕಕ್ಕಿಲ್ಲ ಎಂದು ಅವರು ಎಂದೂ ನಂಬಲಿಲ್ಲ. ಅವರ ಸೌಂಡ್ ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟಾನ್ಲಿ, ತನ್ನ ಮಿಕ್ಸ್ ಎಲ್ಲಿ ಎಡವಿತು ಎಂದು ಆಮೇಲೆ ಕೇಳಿ ತಿದ್ದಿಕೊಳ್ಳಲೆಂದೇ ಕಾನ್ಸರ್ಟ್‌ಗಳನ್ನು ಟೇಪ್ ಮಾಡಿಡುತ್ತಿದ್ದ. ಆತ ಮತ್ತು ಅವನ ಜೊತೆಗಾರರು 1974ರಲ್ಲಿ ಕಟ್ಟಿದ ‘ವಾಲ್ ಆಫ್ ಸೌಂಡ್’ ಸುಮಾರು 600 ಸ್ಪೀಕರ್‌ಗಳ ಗೋಡೆ. ತೂಕ 75 ಟನ್. ಅದು ನಿಲ್ಲುತ್ತಿದ್ದುದು ಬ್ಯಾಂಡ್‌ನ ಬೆನ್ನ ಹಿಂದೆ. ಜನ ಕೇಳಿದ್ದನ್ನೇ ನುಡಿಸುವವರೂ ಕೇಳಬೇಕು ಎಂಬುದು ಅದರ ಸೂತ್ರ. ಪ್ರತಿ ವಾದ್ಯಕ್ಕೂ ಅದರದೇ ಸ್ಪೀಕರ್ ಸಾಲು. ಹಿಂದಿನ ಸದ್ದು ಮತ್ತೆ ಮೈಕಿಗೆ ನುಗ್ಗಿ ಕೂಗಾಡದಂತೆ ಪ್ರತಿ ಹಾಡುಗಾರನಿಗೂ ಎರಡು ಮೈಕು: ಎರಡಕ್ಕೂ ಸಮನಾಗಿ ಬಿದ್ದ ಸದ್ದು ಪರಸ್ಪರ ರದ್ದಾಗಿ, ಒಂದರಲ್ಲಿ ಹಾಡಿದ ದನಿ ಮಾತ್ರ ಉಳಿಯುತ್ತಿತ್ತು. ಹಾಡುವ ದನಿ ಇದರಿಂದ ಸ್ವಲ್ಪ ಸೊರಗುತ್ತದೆ ಎಂಬ ದೂರೂ ಇತ್ತು. ಅದನ್ನು ಸಾಗಿಸುವ, ನಿಲ್ಲಿಸುವ ಖರ್ಚು ತಾಳಲಾರದೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಅದಕ್ಕೆ ವಿದಾಯ ಹೇಳಿದರು, ಪ್ರವಾಸಕ್ಕೂ ಬಿಡುವು ಕೊಟ್ಟರು. ಕ್ಷಣವೇ ಸಾಕು ಎಂದುಕೊಂಡವರು ಇಷ್ಟು ದುಡ್ಡು ಸುರಿಯುತ್ತಿರಲಿಲ್ಲ. ಒಬ್ಬರ ಸ್ವರ ಒಬ್ಬರಿಗೆ ಕೇಳದಿದ್ದರೆ ಜ್ಯಾಮ್ ಆಗದು; ಕೊನೆಯ ಸಾಲಿನವನಿಗೆ ಅದು ಕೇಳದಿದ್ದರೆ ಅವನ ಮಟ್ಟಿಗೆ ಜ್ಯಾಮ್ ನಡೆಯಲೇ ಇಲ್ಲ.

ಇದರಿಂದ ಹೊರಡುವ ತೀರ್ಮಾನಗಳು ಸರಳ. ಶ್ರೇಷ್ಠ ಕಾನ್ಸರ್ಟ್‌ಗಳ ಪಟ್ಟಿ ನೋಡಿದಾಗ ಯಾರು ನುಡಿಸಿದರು ಎಂಬುದರ ಜೊತೆಗೆ ಯಾರು ಮುದ್ರಿಸಿದರು ಎಂದೂ ಕೇಳಬೇಕು. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅಂಥವರ ಹೆಸರು ಕವರ್‌ನ ಹಿಂಬದಿಯ ಸಣ್ಣಕ್ಷರದಲ್ಲೇ ಉಳಿಯಬಾರದು. ಸೌಂಡ್ ಸರಿಯಿರಲಿಲ್ಲ ಎಂದು ಗೊಣಗುವ ಗೆಳೆಯನನ್ನು ರಸಭಂಗ ಮಾಡುವವನೆಂದು ಬದಿಗೆ ತಳ್ಳುವ ಮೊದಲು, ಅವನು ಸಂಗೀತದ ಪರವಾಗಿಯೇ ಮಾತಾಡುತ್ತಿದ್ದಾನೆ ಎಂದು ನೆನೆಯಬೇಕು. ‘ನೀವು ಅಲ್ಲಿರಬೇಕಿತ್ತು’ ಎಂದು ಬಾಯಿ ಮುಚ್ಚಿಸುವವರಿಗೆ, ಸಂಭ್ರಮದ ವಿಷಯದಲ್ಲಿ ಸೋಲೊಪ್ಪಿ, ಸಂಗೀತದ ವಿಷಯದಲ್ಲಿ ವಿನಯದಿಂದಲೇ ಮರುಪ್ರಶ್ನೆ ಹಾಕಬಹುದು: ಹಿಂದಿನ ರಾತ್ರಿ, ಮರುದಿನದ ರಾತ್ರಿ ಹೇಗಿತ್ತು, ಕೇಳಿದ್ದೀರಾ? 1977ರ ಮೇ ತಿಂಗಳ ಆ ನಾಲ್ಕೂ ರಾತ್ರಿಗಳನ್ನು ಸಾಲಾಗಿ ಕೇಳಿ ಒಂದನ್ನು ಆರಿಸಿದವನ ಮಾತಿಗೆ, ಆ ವಾರ ಇಥಾಕಾದಲ್ಲಿ ಟಿಕೆಟ್ ಸಿಕ್ಕವನ ಮಾತಿಗಿಂತ ಹೆಚ್ಚು ತೂಕ ಕೊಡಲು ನನಗೇನೂ ಸಂಕೋಚವಿಲ್ಲ.