ಕಾಲು ಚಾಚಿ ಕೂತವಳು

"ಅಕ್ಕಾ, ಆಸ್ಪತ್ರೆ ಮಂಚಕ್ಕೆ ಚಕ್ರ ಹಾಕಿಸಿದ್ದೀರಾ?" ಮುರುಗಮಲ್ಲದ ಬಸ್‌ಸ್ಟ್ಯಾಂಡಿನಲ್ಲಿ ಹೀಗೆ ಕೇಳಿದ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕಾಣದ್ದನ್ನು ಕಂಡರೆ ನಗು ಬರುತ್ತದೆ, ನಗಲಿ. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಬಂದ ಪರಊರಿನವರು ನಿಂತು ಫೋಟೋ ತೆಗೆದುಕೊಂಡರು, ಅದಕ್ಕೂ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಮ್ಮ ಬೀದಿಯ ಹಿರಿಯರೊಬ್ಬರು ನನ್ನ ಗಂಡನನ್ನು ಕರೆದು, "ನಿನ್ನ ಹೆಂಡತಿ ರಸ್ತೆಯಲ್ಲಿ ಮಲಗಿಕೊಂಡು ಹೋಗುತ್ತಾಳಲ್ಲಪ್ಪ, ಚೆನ್ನಾಗಿ ಕಾಣುತ್ತದೆಯೇ?" ಎಂದು ಕೇಳಿದಾಗ. ಬೆನ್ನು ನನ್ನದು, ಸೈಕಲ್ಲು ನನ್ನದು, ವಿಚಾರಣೆ ಮಾತ್ರ ಗಂಡನ ಹತ್ತಿರ! ಅವರು ಏನೋ ಹೇಳಿ ಜಾರಿಕೊಂಡರು. ಉತ್ತರ ಬಾಕಿ ಉಳಿದಿದೆ.

ಮೊದಲು ಸೈಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಇದನ್ನು ರಿಕಂಬೆಂಟ್ ಎನ್ನುತ್ತಾರೆ. ನನಗೆ ಅದು ಒರಗು ಸೈಕಲ್. ಮೂರು ಮೂಲೆಯ ಸೀಟಿನ ಬದಲು ಬೆನ್ನಿಗೆ ಆನಿಕೆಯಿರುವ ಕುರ್ಚಿ. ಪೆಡಲು ಕೆಳಗಲ್ಲ, ಮುಂದೆ. ರೇಷ್ಮೆ ಹುಳ ಸಾಕುವ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದು, ಬಗ್ಗಿ ಬಗ್ಗಿ ಹುಳಕ್ಕೆ ಹಾಕಿದ ಸೊಂಟ ನನ್ನದು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ, ನೋವು ಮನೆಯಲ್ಲೇ ಉಳಿಯುತ್ತದೆ. ಸಾಮಾನ್ಯ ಸೈಕಲ್ ಹತ್ತಿ ಮುಂದಕ್ಕೆ ಬಾಗಿದರೆ ಹತ್ತು ನಿಮಿಷಕ್ಕೆ ಸೊಂಟ ಹಿಡಿಯುತ್ತಿತ್ತು. ತೋಟಕ್ಕೆ ಹೋಗಬೇಕೆಂದರೆ ಯಾರಾದರೂ ಬೈಕ್ ತೆಗೆಯುವವರೆಗೆ ಹೊಸಿಲಲ್ಲಿ ಕಾಯಬೇಕು. ಮಗ ಮೊಬೈಲಿನಲ್ಲಿ ಈ ಸೈಕಲ್ ತೋರಿಸಿದಾಗ ನಾನು ನೋಡಿದ್ದು ಚಕ್ರವನ್ನಲ್ಲ, ಆ ಆನಿಕೆಯನ್ನು.

ಅಂಗಡಿಯ ಬೆಲೆ ನಮ್ಮಂಥವರಿಗಲ್ಲ. ಮಗಳಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಹುಳುಮನೆಯ ಹಿಂದೆ ತುಕ್ಕು ಹಿಡಿಯುತ್ತಿತ್ತು. ಚಿಂತಾಮಣಿಯ ವೆಲ್ಡಿಂಗ್ ಅಂಗಡಿಯವರು ಅದರ ಹಿಂಭಾಗಕ್ಕೆ ಉದ್ದನೆಯ ಚೌಕ ಪೈಪು ಕೂಡಿಸಿ, ಮುಂದೆ ಮಕ್ಕಳ ಸೈಕಲ್ಲಿನ ಸಣ್ಣ ಚಕ್ರ ಹಾಕಿದರು. ಹಳೆಯ ಕಬ್ಬಿಣದ ಕುರ್ಚಿಗೆ ನಾನೇ ನವಾರು ನೇಯ್ದೆ. ಪೆಡಲಿನಿಂದ ಹಿಂಚಕ್ರಕ್ಕೆ ಒಂದು ಚೈನು ಸಾಲದು, ಮೂರನ್ನು ಕೂಡಿಸಿದೆವು. ಅಷ್ಟುದ್ದದ ಚೈನು ಜೋತುಬಿದ್ದು ಪೈಪಿಗೆ ತಾಗದಂತೆ ನಡುವೆ ಒಂದು ಸಣ್ಣ ಉರುಳೆ ಬೇಕು. ಮೊದಲ ವಾರ ಉರುಳೆ ಒಂದು ಬೆರಳು ಓರೆಯಾಗಿದ್ದದ್ದಕ್ಕೆ ಚೈನು ದಿನಕ್ಕೆ ನಾಲ್ಕು ಸಲ ಕಳಚಿತು.

ಸೀಟು ಹಿಂದೆ ಮುಂದೆ ಸರಿಯಲು ಪೈಪಿನಲ್ಲಿ ಏಳು ತೂತುಗಳಿವೆ. ಗುಟ್ಟೆಲ್ಲ ಇಲ್ಲಿದೆ. ಪೆಡಲು ಅತಿ ದೂರ ಹೋದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು, ಮಂಡಿಯಲ್ಲಿ ಸ್ವಲ್ಪವೇ ಬಾಗು ಉಳಿಯಬೇಕು. ಸೀಟು ಹತ್ತಿರವಾದರೆ ಮಂಡಿ ನೋಯುತ್ತದೆ, ದೂರವಾದರೆ ಸೊಂಟ ಅತ್ತಿತ್ತ ಹೊರಳುತ್ತದೆ. ಹೊರಡುವಾಗ ಒಂದು ಪೆಡಲನ್ನು ಮೇಲಿಟ್ಟು ಗಟ್ಟಿಯಾಗಿ ಒತ್ತಬೇಕು, ಇನ್ನೊಂದು ಕಾಲನ್ನು ಕೆಳಗೆ ನೋಡದೆ ಎತ್ತಿಡಬೇಕು. ಹ್ಯಾಂಡಲನ್ನು ಬಿಗಿ ಹಿಡಿದರೆ ಸೈಕಲ್ಲು ಹಾವಿನ ಹಾಗೆ ಹರಿಯುತ್ತದೆ. ಕೈ ಸಡಿಲವಿರಲಿ, ಬೆನ್ನು ಆನಿಕೆ ಬಿಡದಿರಲಿ.

ಕೊನೆಯದು ನನಗೆ ಬರಲು ಹದಿನೈದು ದಿನ ಬೇಕಾಯಿತು. ಸೊಂಟ ಒಪ್ಪುತ್ತಿತ್ತು, ಮನಸ್ಸು ಒಪ್ಪುತ್ತಿರಲಿಲ್ಲ. ಯಾರಾದರೂ ಎದುರು ಬಂದರೆ ತಟ್ಟನೆ ನೆಟ್ಟಗೆ ಕೂರುತ್ತಿದ್ದೆ, ಸೈಕಲ್ಲು ಪಕ್ಕಕ್ಕೆ ವಾಲುತ್ತಿತ್ತು. ಎರಡು ಸಲ ಚರಂಡಿ ಪಾಲಾದೆ. ಆಮೇಲೆ ಹೊಳೆಯಿತು. ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟದ್ದೇನು? ಹಿರಿಯರ ಮುಂದೆ ಗೋಡೆಗೆ ಒರಗಬೇಡ. ಗಂಡಸರ ಮುಂದೆ ಕಾಲು ಚಾಚಬೇಡ. ಈ ಸೈಕಲ್ಲು ಕೇಳುವುದು ಆ ಎರಡನ್ನೇ: ಒರಗು, ಕಾಲು ಚಾಚು. ಐವತ್ತು ದಾಟಿದ ಮೇಲೆ ನಾನು ಕಲಿತದ್ದು ಸೈಕಲ್ಲಲ್ಲ, ನಾಲ್ಕು ಜನರ ಎದುರು ಬೆನ್ನಿಗೆ ಆರಾಮ ಕೊಡುವುದನ್ನು.

ಈಗ ಹಿರಿಯರ ಪ್ರಶ್ನೆ. ಚೆನ್ನಾಗಿ ಕಾಣುತ್ತದೆಯೇ? ಸ್ವಾಮಿ, ಹೆಂಗಸರು ಬೈಕಿನ ಹಿಂದೆ ಎರಡೂ ಕಾಲನ್ನು ಒಂದೇ ಕಡೆ ಇಳಿಬಿಟ್ಟು, ಮಡಿಲಲ್ಲಿ ಮಗು, ಕೈಯಲ್ಲಿ ಚೀಲ ಹಿಡಿದು ಕೂರುತ್ತಾರಲ್ಲ, ಅದು ಚೆನ್ನಾಗಿ ಕಾಣುತ್ತದೆಯೇ? ಸೀರೆ ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರು ಯಾವ ಊರಲ್ಲಿಲ್ಲ? ಹಿಂದೆ ಕೂತವರ ಬಟ್ಟೆ ಸಿಕ್ಕದ ಹಾಗೆ ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ಕವಚ ಬೈಕಿಗೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ. ಅಂದರೆ ಅಪಾಯ ಕಾನೂನಿಗೂ ಗೊತ್ತು. ಆದರೂ ಆ ಭಂಗಿ ಮರ್ಯಾದೆಯದು. ಭದ್ರವಾಗಿ ಬೆನ್ನಾನಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬ್ರೇಕು ನನ್ನ ಬೆರಳಲ್ಲೇ ಇರುವ ಭಂಗಿ ಮಾತ್ರ ಮರ್ಯಾದೆಗೇಡು. ವ್ಯತ್ಯಾಸ ಇಷ್ಟೆ: ಅಲ್ಲಿ ಓಡಿಸುವವನು ಬೇರೆ, ಇಲ್ಲಿ ಓಡಿಸುವವಳು ನಾನು.

ಭಂಗಿಯ ನೆವ ಹಳೆಯದು. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳ ಹೆಂಗಸರು ಸೈಕಲ್ ಹತ್ತಿದಾಗ, ಅವರಿಗೆ 'ಸೈಕಲ್ ಮುಖ' ಎಂಬ ರೋಗ ಬರುತ್ತದೆ, ಮುಖ ಬಿಗಿದು ಚೆಲುವು ಹಾಳಾಗುತ್ತದೆ ಎಂದು ವೈದ್ಯರೇ ಹೆದರಿಸಿದರು. ಒರಗು ಸೈಕಲ್ಲಿಗೂ ಇದೇ ಗತಿಯಾಯಿತು. 1933ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸಾಧಾರಣ ದರ್ಜೆಯ ಸವಾರ ಇದರ ಮೇಲೆ ಕೂತು ಗಂಟೆಗೆ 45 ಕಿಲೋಮೀಟರ್ ದಾಟಿ, 1914ರ ದಾಖಲೆಯನ್ನು ಮುರಿದ. ಗೆದ್ದವನನ್ನು ಮೆಚ್ಚಬೇಕಿತ್ತು. ಆದರೆ ಮರುವರ್ಷ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಸೈಕಲ್ ಎಂದರೆ ಏನು ಎಂಬ ನಿಯಮವನ್ನೇ ತಿದ್ದಿ ಇದನ್ನು ಪಂದ್ಯದಿಂದ ಹೊರಗಿಟ್ಟಿತು. ಗಂಡಸು ಕೂತ ಬಗೆಯನ್ನೇ ಒಪ್ಪದವರು ಇದ್ದರೆಂದ ಮೇಲೆ, ಮುರುಗಮಲ್ಲದ ಹೆಂಗಸಿನ ಪಾಡೇನು!

"ಈಗ ಬಸ್ಸು ಪುಕ್ಕಟೆ ಅಲ್ಲವಾ, ಇದೆಲ್ಲ ಯಾಕೆ?" ಎನ್ನುವವರೂ ಇದ್ದಾರೆ. 2023ರಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ನಾನೂ ಓಡಾಡಿದ್ದೇನೆ, ಅದನ್ನು ಹಳಿಯುವವಳಲ್ಲ. ಆದರೆ ಬಸ್ಸು ಚಿಂತಾಮಣಿಗೆ ಹೋಗುತ್ತದೆ, ನನ್ನ ತೋಟಕ್ಕಲ್ಲ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ನೋಡಿ ಕಣ್ಣು ತುಂಬಿತ್ತು. ಕೋವಿಡ್ ಬಂದ 2020ರಲ್ಲಿ ಆ ಹಂಚಿಕೆ ನಿಂತಿತು. ಕೊಟ್ಟ ಸೈಕಲ್ಲುಗಳಾದರೂ ಏನಾದವು? ಹತ್ತನೇ ತರಗತಿ ಮುಗಿಯಿತು, ಸೈಕಲ್ಲು ತಮ್ಮನಿಗೆ ಹೋಯಿತು, ಇಲ್ಲವೇ ಅಪ್ಪನ ಹಾಲಿನ ಕ್ಯಾನು ಹೊತ್ತು ಡೇರಿಗೆ ಹೋಯಿತು. ಹುಡುಗಿ ನಡೆದೇ ಗಂಡನ ಮನೆಗೆ ಹೋದಳು. ಸೈಕಲ್ಲು ಶಾಲೆಯ ಸಾಮಾನು, ಹೆಂಗಸಿನ ಸಾಮಾನಲ್ಲ ಎಂದು ಊರು ತೀರ್ಮಾನಿಸಿಬಿಟ್ಟಿದೆ.

ಪಕ್ಕದ ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಆರಂಭದಲ್ಲಿ ಅಕ್ಷರ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲನ್ನೇ ಹತ್ತಿದರು, ಅದರ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಬಹುದು ಎಂದು ಅದನ್ನೇ ಮೆಚ್ಚಿದರು ಎಂದು ಪಿ. ಸಾಯಿನಾಥ್ ಬರೆದಿದ್ದಾರೆ. ಯಾವ ಸೈಕಲ್ಲು ತಮಗೆ ಹಿತ ಎಂಬುದನ್ನು ಅವರೇ ನಿರ್ಧರಿಸಿದರು. ನಾನು ಕೇಳುವುದೂ ಅಷ್ಟೇ.

ಇದರಲ್ಲಿ ದೋಷವಿಲ್ಲವೆಂದಲ್ಲ. ದಿಣ್ಣೆ ಬಂದರೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯಲಾಗದು, ಇಳಿದು ತಳ್ಳುತ್ತೇನೆ. ಗುಂಡಿಯನ್ನು ದೂರದಿಂದಲೇ ನೋಡಿ ತಪ್ಪಿಸಬೇಕು. ಲಾರಿಯವರಿಗೆ ಕಾಣಲೆಂದು ಎತ್ತರದ ಕಡ್ಡಿಗೆ ಹಳೆಯ ಕಿತ್ತಳೆ ಸೀರೆಯ ತುಂಡು ಕಟ್ಟಿದ್ದೇನೆ. ಸೀರೆಯುಟ್ಟು ತುಳಿಯುವುದು ಆಗದ ಮಾತು, ಚೂಡಿದಾರ ಹಾಕುತ್ತೇನೆ. ವಾರಕ್ಕೊಮ್ಮೆ ಅಷ್ಟುದ್ದದ ಚೈನಿನ ಧೂಳೊರೆಸಿ ಎಣ್ಣೆ ಬಿಡಬೇಕು, ಸೀಟಿನ ಬೋಲ್ಟು ಬಿಗಿಯಬೇಕು. ಬೆನ್ನುನೋವು ವಾಸಿಯಾಯಿತೆಂದೂ ಹೇಳಲಾರೆ. ಆದರೆ ಹೊಸಿಲಲ್ಲಿ ಕಾಯುವುದು ತಪ್ಪಿದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮಗೆ ಚೆನ್ನಾಗಿ ಕಲಿಸಿದ್ದಾರೆ. ಹಾಸಿಗೆಯನ್ನು ಅಳೆದವರು ಯಾರು ಎಂದು ನಾವು ಕೇಳಲೇ ಇಲ್ಲ.

ಈಗ ಸಂಜೆ ಪಕ್ಕದ ಮನೆಯಾಕೆ ಬರುತ್ತಾಳೆ. ನನಗಿಂತ ಕುಳ್ಳಿ, ಆಕೆಗೂ ಸೊಂಟನೋವು. ದರ್ಗಾದ ಜನ ಕರಗಿದ ಮೇಲೆ, ಕತ್ತಲಾಗುವ ಮುಂಚೆ, ಸೀಟನ್ನು ಎರಡು ತೂತು ಮುಂದಕ್ಕೆ ಸರಿಸಿ ಬೋಲ್ಟು ಬಿಗಿಯುತ್ತೇನೆ. ನಿನ್ನೆ ಆ ಹಿರಿಯರು ಎದುರು ಬಂದರು. ಆಕೆ ನೆಟ್ಟಗಾಗಲು ಹೋದಳು. "ಒರಗು, ಬೀಳ್ತೀಯ" ಎಂದೆ. ಒರಗಿದಳು.