ನಾಳಿನ ಲೆಕ್ಕವೂ ತಪ್ಪಿನ ಮಿತಿಯೂ

ಯುಗಾದಿಯ ದಿನ ನಮ್ಮ ಹಳ್ಳಿಗಳಲ್ಲಿ ಪಂಚಾಂಗಶ್ರವಣ ನಡೆಯುವುದನ್ನು ವಾಚಕರು ಬಲ್ಲರು. ಮಳೆ ಬೆಳೆ ಹೇಗೆ, ತಮ್ಮ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಕೇಳಿ, ಬೇವು ಬೆಲ್ಲ ಸವಿದು, ಜನರು ಮನೆಗೆ ಹೋಗುತ್ತಾರೆ. ಅದನ್ನು ನಂಬಿ ಜಮೀನು ಮಾರುವವರು ವಿರಳ. ಆದರೆ ಈ ಪ್ರದೇಶದ ವರಮಾನ ಹತ್ತು ವರ್ಷಗಳಲ್ಲಿ ಇಷ್ಟು ಮಡಿ ಹೆಚ್ಚುವುದೆಂದು ಶಾಸ್ತ್ರದ ಹೆಸರಿನಲ್ಲಿ ಒಂದು ಅಂಕಿ ಹೊರಟರೆ, ಅದನ್ನು ನೆಚ್ಚಿ ದ್ರಾಕ್ಷಿಯ ಚಪ್ಪರ ಕೀಳುವವರೂ ಸಾಲ ಮಾಡುವವರೂ ಉಂಟು. ಆದುದರಿಂದ ಆ ಅಂಕಿ ಹುಟ್ಟುವ ಬಗೆಯನ್ನು ಎಲ್ಲರೂ ಅರಿತಿರಬೇಕು.

ಆರ್ಥಿಕ ಮಾದರಿಯೆಂದರೆ ಸಮೀಕರಣಗಳ ಒಂದು ಸಮೂಹ. ಇಡೀ ದೇಶಕ್ಕೆ ಇಂಥ ಮಾದರಿಯನ್ನು ಮೊದಲು ರಚಿಸಿದವನು ಟಿನ್‌ಬರ್ಗೆನ್, ೧೯೩೬ರಲ್ಲಿ, ಹಾಲೆಂಡಿಗಾಗಿ. ಭೌತಶಾಸ್ತ್ರವನ್ನು ಕಲಿತು ಅರ್ಥಶಾಸ್ತ್ರಕ್ಕೆ ಬಂದವನು ಆತ. ವರಮಾನ ಹೆಚ್ಚಿದರೆ ಖರ್ಚು ಎಷ್ಟು ಹೆಚ್ಚುತ್ತದೆ, ಒಂದು ಉದ್ಯಮ ಮತ್ತೊಂದರಿಂದ ಎಷ್ಟು ಕೊಳ್ಳುತ್ತದೆ ಎಂಬ ಪ್ರಮಾಣಗಳನ್ನು ಕಳೆದ ವರ್ಷಗಳ ಲೆಕ್ಕದಿಂದ ಪಡೆಯುತ್ತಾರೆ. ಮಳೆ, ಬಡ್ಡಿಯ ದರ, ಸರ್ಕಾರದ ವೆಚ್ಚ ಮುಂತಾದವನ್ನು ಹೊರಗಿನಿಂದ ಊಹಿಸಿ ತುಂಬುತ್ತಾರೆ. ಬಳಿಕ ಸಮೀಕರಣಗಳನ್ನು ಬಿಡಿಸಿದರೆ ಮುಂದಿನ ವರ್ಷಗಳ ಅಂಕಿ ದೊರೆಯುತ್ತದೆ.

ದೇವನಹಳ್ಳಿ ತಾಲ್ಲೂಕಿನ ಆವತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಗೆ ಹೊರಗಿನಿಂದ ನೂರು ರೂಪಾಯಿ ಕೂಲಿ ಬಂತೆನ್ನೋಣ. ಅದರಲ್ಲಿ ೪೦ ರೂಪಾಯಿ ಊರಿನಲ್ಲೇ ಖರ್ಚಾದರೆ ಅದು ಮತ್ತೊಬ್ಬರ ವರಮಾನ. ಅವರು ೧೬ ರೂಪಾಯಿಯನ್ನು ಅಲ್ಲೇ ಕೊಡುವರು. ಹೀಗೆ ಕೂಡುತ್ತ ಹೋದರೆ ನೂರು ರೂಪಾಯಿ ಸುಮಾರು ೧೬೭ ಆಗುತ್ತದೆ. ಆದರೆ ೪೦ರ ಬದಲು ೬೦ ಎಂದು ಹಿಡಿದರೆ ಮೊತ್ತ ೨೫೦! ಒಂದು ಪ್ರಮಾಣದಲ್ಲಿ ಆದ ವ್ಯತ್ಯಾಸ ಫಲವನ್ನೇ ಬದಲಿಸಿಬಿಡುತ್ತದೆ. ರಾಜ್ಯಕ್ಕೆ ಸಲ್ಲುವ ಪ್ರಮಾಣ ಹಳ್ಳಿಗೆ ಸಲ್ಲದು. ಆವತಿಯವರು ಬೆಂಗಳೂರಿನಲ್ಲಿ ಬಟ್ಟೆ ಕೊಂಡರೆ ಹಣ ರಾಜ್ಯದೊಳಗೇ ಉಳಿಯಿತು, ಊರನ್ನು ಮಾತ್ರ ಬಿಟ್ಟುಹೋಯಿತು.

ಹಳ್ಳಿಯ ಮಾತಿರಲಿ, ಜಿಲ್ಲೆಯ ವರಮಾನವನ್ನೂ ಪೂರ್ತಿಯಾಗಿ ಅಳೆಯುವುದಿಲ್ಲ. ಬೆಳೆಯ ಇಳುವರಿಯನ್ನು ಹೊಲದಲ್ಲೇ ಕೊಯ್ದು ತೂಗಿ ಅಂದಾಜು ಮಾಡುತ್ತಾರೆ. ಆದರೆ ಸೇವಾವಲಯದ ಹಲವು ಬಾಬುಗಳಲ್ಲಿ ರಾಜ್ಯದ ಮೊತ್ತವನ್ನು ಕೆಲಸಗಾರರ ಸಂಖ್ಯೆ ಮೊದಲಾದ ಸೂಚಕಗಳಂತೆ ಜಿಲ್ಲೆಗಳಿಗೆ ಹಂಚುತ್ತಾರೆ. ಹಂಚಿದ ಅಂಕಿಯನ್ನು ಅಳೆದ ಅಂಕಿಯೆಂದು ಭ್ರಮಿಸಬಾರದು.

ಹಳೆಯ ಲೆಕ್ಕದಲ್ಲಿ ಇಲ್ಲದ್ದು ಮಾದರಿಯಲ್ಲಿಯೂ ಇರುವುದಿಲ್ಲ. ಆವತಿಯ ದಕ್ಷಿಣಕ್ಕೆ ೨೦೦೮ರಲ್ಲಿ ತೆರೆದ ವಿಮಾನ ನಿಲ್ದಾಣವೇ ಇದಕ್ಕೆ ಸಾಕ್ಷಿ. ೨೦೦೩ರಿಂದ ಏರ್ ಡೆಕ್ಕನ್ ಅಗ್ಗದ ದರದಲ್ಲಿ ವಿಮಾನಗಳನ್ನು ಹಾರಿಸತೊಡಗಿತು. ಪ್ರಯಾಣಿಕರ ಸಂಖ್ಯೆ ಮೊದಲಿನ ಅಂದಾಜನ್ನು ಮೀರಿತು. ನಿಲ್ದಾಣ ತೆರೆಯುವ ಮೊದಲೇ ಅದರ ಕಟ್ಟಡದ ಯೋಜನೆಯನ್ನು ಹಿಗ್ಗಿಸಬೇಕಾಯಿತು. ಇನ್ನೊಂದು ನಿದರ್ಶನ: ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ ಗುರುತಿಸಿದ್ದ ೧,೭೭೭ ಎಕರೆ ಭೂಮಿಯ ಸ್ವಾಧೀನವನ್ನು, ರೈತರ ದೀರ್ಘ ಹೋರಾಟದ ನಂತರ, ಸರ್ಕಾರ ೨೦೨೫ರ ಜುಲೈ ೧೫ರಂದು ಕೈಬಿಡುವುದಾಗಿ ಸಾರಿತು. ರೈತರು ಹೊಲ ಬಿಟ್ಟುಕೊಡಲೊಪ್ಪರೆಂಬುದನ್ನು ಯಾವ ಸಮೀಕರಣ ತಾನೆ ಮೊದಲೇ ಹೇಳಬಲ್ಲುದು?

ಇದರಿಂದ ಮಾದರಿಗಳು ನಿರರ್ಥಕವೆಂದು ತಿಳಿಯಬಾರದು. ರಸ್ತೆ, ನೀರು, ಶಾಲೆಗಳನ್ನು ಯೋಜಿಸುವವರಿಗೆ ನಾಳಿನ ಅಂದಾಜು ಬೇಕೇ ಬೇಕು. ಪಂಚಾಂಗದ ಆಯವ್ಯಯವನ್ನು ಯಾರೂ ತಾಳೆ ನೋಡುವುದಿಲ್ಲ. ಮಾದರಿಯನ್ನು ತಾಳೆ ನೋಡಬಹುದು, ತಿದ್ದಬಹುದು. ಅದರ ಹಿರಿಮೆ ಇರುವುದು ಇಲ್ಲಿಯೇ. ಆದರೆ ತಿದ್ದಬೇಕಾದರೆ ಅದು ತನ್ನ ಲೆಕ್ಕವನ್ನು ತೆರೆದಿಡಬೇಕು.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಲೋಲಕವನ್ನು ತೂಗಿಬಿಟ್ಟು ಗುರುತ್ವವನ್ನು ಅಳೆದ ವಿದ್ಯಾರ್ಥಿ ತಪ್ಪಿನ ಮಿತಿಯನ್ನು ಬರೆಯದಿದ್ದರೆ ನಾನು ಅವನ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಸಾವಿರಾರು ಸಂಸಾರಗಳ ಭೂಮಿಗೆ ಸಂಬಂಧಿಸಿದ ಅಂಕಿಗೆ ಇಷ್ಟಾದರೂ ಕಟ್ಟುಪಾಡು ಬೇಡವೆ? ಪ್ರತಿಯೊಂದು ಪ್ರಾದೇಶಿಕ ಮುನ್ಸೂಚನೆಯೊಡನೆ ಮೂರು ಸಂಗತಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು: ಯಾವ ಊಹೆಗಳನ್ನು ಹಿಡಿಯಲಾಗಿದೆ, ಅಂಕಿ ಎಷ್ಟರಿಂದ ಎಷ್ಟರವರೆಗೆ ಇರಬಹುದು, ಹಿಂದಿನ ಮುನ್ಸೂಚನೆ ಎಷ್ಟು ತಪ್ಪಿತ್ತು. ಆಗ ಆವತಿಯ ರೈತನು ಚಪ್ಪರವನ್ನು ಉಳಿಸಲಿ, ಕೀಳಲಿ, ತಿಳಿದು ಮಾಡಿದಂತಾಗುವುದು.